ದಂಡವೋ, ಬೆಲೆಯೋ?

2023ರ ಆಗಸ್ಟ್ 29ರಂದು ಹಾವೇರಿಯ ಹೊರವಲಯದ ಆಲದಕಟ್ಟಿಯಲ್ಲಿ ಪಟಾಕಿ ದಾಸ್ತಾನಿನ ಗೋದಾಮೊಂದು ಹೊತ್ತಿ ಉರಿದು ನಾಲ್ವರು ಕಾರ್ಮಿಕರು ಪ್ರಾಣ ತೆತ್ತರು. ವೆಲ್ಡಿಂಗಿನ ಕಿಡಿಯೇ ಕಾರಣವೆಂದು ಆಗ ವರದಿಯಾಯಿತು. ಆರು ವಾರ ತುಂಬುವ ಮುನ್ನವೇ, ಅಕ್ಟೋಬರ್ 7ರಂದು, ಆನೇಕಲ್ ತಾಲ್ಲೂಕಿನ ಅತ್ತಿಬೆಲೆಯಲ್ಲಿ ಅದೇ ಬಗೆಯ ದುರಂತ; ಅಲ್ಲಿ ಸತ್ತವರು 14ಕ್ಕೂ ಹೆಚ್ಚು ಮಂದಿ. ಹಾವೇರಿಯ ಬೆಂಕಿ ಅತ್ತಿಬೆಲೆಗೆ ಏಕೆ ಎಚ್ಚರಿಕೆಯಾಗಲಿಲ್ಲ?

ಕಾನೂನಿನ ಪುಟಗಳನ್ನು ತಿರುವಿದರೆ ಉತ್ತರದ ಒಂದಂಶ ದೊರೆಯುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 287ನೆಯ ಕಲಮಿನಂತೆ, ಬೆಂಕಿಯ ವಿಷಯದಲ್ಲಿ ಪರರ ಪ್ರಾಣಕ್ಕೆ ಅಪಾಯ ತರುವಷ್ಟು ಉದಾಸೀನ ತೋರಿದವನಿಗೆ ಆರು ತಿಂಗಳವರೆಗಿನ ಸೆರೆ, ಇಲ್ಲವೆ 2,000 ರೂಪಾಯಿವರೆಗಿನ ದಂಡ, ಅಥವಾ ಎರಡೂ. 1860ರ ಸಂಹಿತೆಯಲ್ಲಿ ಈ ದಂಡ 1,000 ರೂಪಾಯಿ ಇತ್ತು. ಒಂದೂವರೆ ಶತಮಾನಕ್ಕೂ ಮಿಕ್ಕಿದ ಅವಧಿಯಲ್ಲಿ ಆದ ಏರಿಕೆ ಇಷ್ಟೇ! ಬ್ಯಾಡಗಿ ಮಾರುಕಟ್ಟೆಯಲ್ಲಿ ಒಳ್ಳೆಯ ಮೆಣಸಿನಕಾಯಿಯ ಒಂದು ಚೀಲಕ್ಕೂ ಸಾಲದ ಹಣವಿದು. ಪ್ರಾಣಹಾನಿಯಾದ ಮೇಲೆ ಮಾತ್ರ 106ನೆಯ ಕಲಮು ಎಚ್ಚೆತ್ತು ಐದು ವರ್ಷಗಳವರೆಗಿನ ಸೆರೆಯ ಮಾತನ್ನಾಡುತ್ತದೆ.

ಗುರುಮಠಗಳಲ್ಲಿ ಬೋಧಿಸಲಾಗುತ್ತಿದ್ದ ಹಳೆಯ ನೀತಿಶಾಸ್ತ್ರದಲ್ಲಿ 'ಕೇವಲ ದಂಡಾತ್ಮಕ ಕಾನೂನು' ಎಂಬ ಪರಿಕಲ್ಪನೆಯೊಂದಿತ್ತು. ಸ್ವಾರೆಸ್ ಮೊದಲಾದ ಪಂಡಿತರು ಅದನ್ನು ಸಮರ್ಥಿಸಿದ್ದರು. ಕೆಲವು ಕಾನೂನುಗಳನ್ನು ಮೀರಿದರೂ ದೋಷವಿಲ್ಲ, ಸಿಕ್ಕಿಬಿದ್ದಾಗ ದಂಡ ತೆತ್ತರೆ ಅಂತಃಕರಣದ ಋಣ ತೀರಿತು ಎಂಬುದು ಅದರ ತಿರುಳು. ಗುರುಮಠದ ಬಾಗಿಲನ್ನೇ ಕಾಣದ ನಮ್ಮ ಕಟ್ಟಡ ಮಾಲೀಕರಿಗೆ ಈ ತತ್ತ್ವ ಕರತಲಾಮಲಕವಾಗಿರುವುದು ಸೋಜಿಗ! ಆದರೆ ಸುಂಕದ ಕಟ್ಟೆಗೆ ಒಪ್ಪಬಹುದಾದ ವಾದ ಮೆಟ್ಟಿಲಿಗೂ ತುರ್ತು ಬಾಗಿಲಿಗೂ ಒಪ್ಪುವುದಿಲ್ಲ. ಹೊಸ ಮನೆಯ ಮಾಳಿಗೆಗೆ ಕೈಪಿಡಿಗೋಡೆ ಇರಲೇಬೇಕೆಂದು ವಿಧಿಸುವ ಧರ್ಮೋಪದೇಶಕಾಂಡದ 22ನೆಯ ಅಧ್ಯಾಯ, ಅಲ್ಲಿಂದ ಯಾರಾದರೂ ಬಿದ್ದರೆ ಅದನ್ನು ಶುಲ್ಕದ ಬಾಕಿಯೆಂದು ಬಗೆಯದೆ ರಕ್ತದ ಹೊಣೆಯೆಂದೇ ಎಣಿಸುತ್ತದೆ.

ಸರಕಾರವೂ ಮಾಲೀಕನ ತರ್ಕವನ್ನೇ ಅನುಸರಿಸಿದ್ದುಂಟು. 'ಅಕ್ರಮ-ಸಕ್ರಮ' ಯೋಜನೆಯಲ್ಲಿ ವಸತಿ ಕಟ್ಟಡಗಳ ಶೇ. 50ರವರೆಗಿನ, ವಾಣಿಜ್ಯ ಕಟ್ಟಡಗಳ ಶೇ. 25ರವರೆಗಿನ ಉಲ್ಲಂಘನೆಯನ್ನು ಹಣ ಪಡೆದು ಮನ್ನಿಸುವ ಏರ್ಪಾಡಿತ್ತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ನೀಡಿತು. ಕಟ್ಟಡದ ಸುತ್ತ ಬಿಡಬೇಕಾದ ಜಾಗ ಅಲಂಕಾರಕ್ಕಾಗಿ ಅಲ್ಲ. ಅಗ್ನಿಶಾಮಕ ವಾಹನ ಒಳಬರುವುದೂ ಏಣಿ ನಿಲ್ಲುವುದೂ ಅಲ್ಲಿಯೇ. ಜ್ವಾಲೆಗಿಂತ ಮೊದಲು ಹೊಗೆ ಕೊಲ್ಲುತ್ತದೆ. ತೆರೆದ ಮೆಟ್ಟಿಲ ಓಣಿಯೂ ತಂತಿಗಳು ಹಾಯುವ ಕಂಡಿಯೂ ಆ ಹೊಗೆಗೆ ಚಿಮಣಿಯಾಗುತ್ತವೆ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಮಂದಿ ಸತ್ತಾಗ, ಪಾರಾಗುವ ಬಾಗಿಲುಗಳಿಗೆ ಬೀಗವಿದ್ದುದು ಬಯಲಾಯಿತು. ಅಂಥ ಬೀಗಕ್ಕೆ ಎಷ್ಟು ಶುಲ್ಕ ಪಡೆದು ಸಕ್ರಮವೆನ್ನೋಣ?

ದಂಡ ಹೆಚ್ಚಿಸಿದರೆ ಲಂಚವೂ ಹೆಚ್ಚುತ್ತದೆ ಎಂಬ ಆಕ್ಷೇಪವನ್ನು ನಾವು ಲಘುವಾಗಿ ತಳ್ಳಿಹಾಕಲಾರೆವು. ಶಿಕ್ಷೆಯ ಕ್ರೌರ್ಯಕ್ಕಿಂತ ಅದರ ಖಚಿತತೆಯೇ ಅಪರಾಧವನ್ನು ತಡೆಯುತ್ತದೆಂದು ಇಟಲಿಯ ಬೆಕಾರಿಯಾ 1764ರಷ್ಟು ಹಿಂದೆಯೇ ವಾದಿಸಿದ್ದನು. ಆದ್ದರಿಂದ ಬರಿಯ ಮೊತ್ತ ಏರಿಸಿ ಕೈತೊಳೆದುಕೊಳ್ಳುವ ತಿದ್ದುಪಡಿಯನ್ನು ನಾವು ಕೇಳುತ್ತಿಲ್ಲ. ಉಲ್ಲಂಘನೆಯಿಂದ ಮಾಲೀಕ ಗಳಿಸಿದ ಲಾಭಕ್ಕಿಂತ ದಂಡ ಹಿರಿದಾಗಿರಬೇಕು. ಸಾವಿಗಾಗಿ ಕಾಯದೆ, ದೋಷ ಕಂಡ ದಿನವೇ ಆ ಭಾಗಕ್ಕೆ ಬೀಗಮುದ್ರೆ ಬೀಳಬೇಕು. ತಪಾಸಣೆಯ ವರದಿ ಕಡತದಲ್ಲಿ ಅಡಗದೆ, ಕಟ್ಟಡದ ಮುಂಬಾಗಿಲಲ್ಲಿ, ಸಹಿ ಮಾಡಿದ ಅಧಿಕಾರಿಯ ಹೆಸರಿನೊಡನೆ ತೂಗಬೇಕು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದು 19 ಮಂದಿ ಅಸುನೀಗಿದರು. ಅಂಥ ಕಟ್ಟಡವೊಂದು ಯಾರ ಕಣ್ಣಿಗೂ ಬೀಳದೆ ಏಳಲಾರದು.

ಇಲ್ಲೊಂದು ವಿವೇಚನೆ ಅಗತ್ಯ. ಹಲಗೇರಿಯಂಥ ಊರಿನಲ್ಲಿ ತಗಡಿನ ಮಾಡಿನ ಕೆಳಗೆ ಬಾಳುವ ಕೂಲಿಯವನ ಒಂದಂಕಣದ ಮನೆಗೆ ಎರಡನೆಯ ಬಾಗಿಲಿಲ್ಲವೆಂದು ದಂಡ ಹೇರುವುದು ನ್ಯಾಯವಲ್ಲ. ತನ್ನ ಬಡತನದಿಂದ ತಾನೇ ಅಪಾಯಕ್ಕೆ ಒಡ್ಡಿಕೊಂಡವನಿಗೆ ಬೇಕಾದುದು ನೆರವು. ಬಾಡಿಗೆಗಾಗಿ, ವ್ಯಾಪಾರಕ್ಕಾಗಿ ಪರರನ್ನು ಅಪಾಯಕ್ಕೆ ದೂಡುವವನ ಸಂಗತಿ ಬೇರೆ. ಹತ್ತಿಯ ಗೋದಾಮು, ಕೂಲಿಗಳನ್ನು ತುಂಬಿದ ಶೆಡ್ಡು, ಕಲ್ಯಾಣಮಂಟಪಗಳು ಈ ಎರಡನೆಯ ಗುಂಪಿನವು. ಗುಡಿ, ಮಠ, ಮಸೀದಿ, ಚರ್ಚುಗಳ ಸಭಾಭವನಗಳಿಗೂ ಶಾಲೆಗಳಿಗೂ ಇದರಲ್ಲಿ ವಿನಾಯಿತಿ ಕೂಡದು. ಮೊದಲ ತಪಾಸಣೆ ನಮ್ಮ ಸಂಸ್ಥೆಗಳಲ್ಲಿಯೇ ನಡೆಯಲಿ. 2004ರ ಜುಲೈ 16ರಂದು ಕುಂಭಕೋಣದ ಶಾಲೆಯಲ್ಲಿ 94 ಮಕ್ಕಳು ಸುಟ್ಟು ಸತ್ತ ಬಳಿಕ, ಶಾಲೆಗಳಲ್ಲಿ ಬೆಂಕಿ ಆರಿಸುವ ಸಾಧನಗಳು ಇರಲೇಬೇಕೆಂದು ಸುಪ್ರೀಂ ಕೋರ್ಟು 2009ರಲ್ಲಿ ಆಜ್ಞಾಪಿಸಿತು. ಗೋಡೆಗೆ ತೂಗುಹಾಕಿದ ಆ ಕೆಂಪು ಸಿಲಿಂಡರುಗಳಲ್ಲಿ ಎಷ್ಟರ ಅವಧಿ ಮುಗಿದಿದೆಯೋ, ಅವನ್ನು ಬಳಸಲು ಎಷ್ಟು ಶಿಕ್ಷಕರಿಗೆ ಬರುತ್ತದೆಯೋ ನೋಡಬೇಕು.

ಹಳ್ಳಿಗಳಲ್ಲಿ ಕಟ್ಟಡಕ್ಕೆ ಪರವಾನಗಿ ಕೊಡುವ ಅಧಿಕಾರ 1993ರ ಪಂಚಾಯತ್ ರಾಜ್ ಅಧಿನಿಯಮದಂತೆ ಗ್ರಾಮ ಪಂಚಾಯಿತಿಯದು. ಯಾವ ಗೋದಾಮಿಗೆ, ಯಾವ ಸಭಾಭವನಕ್ಕೆ ಪರವಾನಗಿ ಇದೆ, ಯಾರು ಯಾವಾಗ ತಪಾಸಣೆ ಮಾಡಿದರು ಎಂಬ ಪಟ್ಟಿಯನ್ನು ಮುಂದಿನ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳಿರೆಂದು ಕೇಳಲು ಹೊಸ ಶಾಸನವೇನೂ ಬೇಕಿಲ್ಲ.