ಪಟಾಯಾದ ಅಪರಾಧಕ್ಕೆ ವಿಜಯನಗರದಲ್ಲಿ ಕೇಸು

ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ, ಮಾಗಡಿ ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ, ಕೆಂಗೇರಿ ಕಡೆಯ ಸಿಮೆಂಟು, ಪೇಂಟು, ಪೈಪಿನ ಡೀಲರುಗಳ ನಡುವೆ ‘ಬ್ಯಾಂಕಾಕ್ ಟ್ರಿಪ್’ ಎಂದರೆ ಬಿಡಿಸಿ ಹೇಳಬೇಕಿಲ್ಲ. ಟಾರ್ಗೆಟ್ ಮುಟ್ಟಿದವರಿಗೆ ಕಂಪನಿ ಕೊಡುವ ಬಹುಮಾನ ಅದು. ನಾಲ್ಕು ರಾತ್ರಿ, ಐದು ಹಗಲು, ಹೆಂಡತಿ ಮಕ್ಕಳಿಗೆ ಟಿಕೆಟ್ ಇಲ್ಲ. 2023ರ ನವೆಂಬರ್‌ನಲ್ಲಿ ಥಾಯ್ಲೆಂಡ್ ಭಾರತೀಯರಿಗೆ ವೀಸಾ ಬೇಡವೆಂದ ಮೇಲೆ ದಾರಿ ಇನ್ನೂ ಸಲೀಸಾಯಿತು. 2024ರಲ್ಲಿ ಅಲ್ಲಿಗೆ ಹೋದ ಭಾರತೀಯರು 20 ಲಕ್ಷ ದಾಟಿದರು. ಇವರಲ್ಲಿ ಬಹುಪಾಲು ಮಂದಿ ದೇವಸ್ಥಾನ, ಸಮುದ್ರ, ಶಾಪಿಂಗ್ ಮುಗಿಸಿ ಮರ್ಯಾದೆಯಿಂದ ಮನೆಗೆ ಬರುವವರು. ಅವರ ಬಗ್ಗೆ ನನ್ನ ತಕರಾರಿಲ್ಲ.

ತಕರಾರಿರುವುದು ಹೋಗಿ ಬಂದವನನ್ನು ಟೀ ಅಂಗಡಿ ಮುಂದೆ ಎದುರುಗೊಳ್ಳುವ ಆ ಮುಸಿನಗುವಿನ ಬಗ್ಗೆ. ‘ಏನ್ ಗುರು, ಮಜಾ ಮಾಡ್ಕಂಡ್ ಬಂದ್ಯಾ?’ ಅಂತ ಕೇಳುತ್ತಾರೆ. ಅವನು ಮೊಬೈಲು ತೆಗೆದು ತೋರಿಸುತ್ತಾನೆ. ಸುತ್ತ ನಿಂತವರು ಬಗ್ಗಿ ನೋಡುತ್ತಾರೆ. ಪರದೆಯ ಮೇಲಿರುವ ಹುಡುಗಿಗೆ ವಯಸ್ಸೆಷ್ಟು ಎಂದು ಒಬ್ಬನೂ ಕೇಳುವುದಿಲ್ಲ. ದಲ್ಲಾಳಿ ‘ಇಪ್ಪತ್ತಾಗಿದೆ’ ಎಂದಿರುತ್ತಾನೆ, ಅದನ್ನು ನಂಬುವುದು ಗಿರಾಕಿಗೆ ಅನುಕೂಲ. ವಯಸ್ಕರಿಬ್ಬರ ನಡುವಿನ ನೀತಿ ಅನೀತಿಯ ಚರ್ಚೆಗೆ ನಾನು ಇಳಿಯುತ್ತಿಲ್ಲ. ಹದಿನೆಂಟು ತುಂಬದ ಮಕ್ಕಳ ಮಾತು ಆಡುತ್ತಿದ್ದೇನೆ.

ಈ ವಿಷಯದಲ್ಲಿ ನಾವು ದೂರು ಕೊಟ್ಟವರ ಸಾಲಿನಲ್ಲಿದ್ದ ಜನ. ನಮ್ಮ ಪಕ್ಕದ ಗೋವಾದ ಮಡಗಾಂವ್ ಬಳಿಯ ಫಾತೋರ್ಡಾದಲ್ಲಿ ಫ್ರೆಡಿ ಪೀಟ್ಸ್ ಎಂಬಾತ ‘ಗುರುಕುಲ’ ಹೆಸರಿನಲ್ಲಿ ಬಡ ಹುಡುಗರಿಗೆ ಆಶ್ರಮ ನಡೆಸುತ್ತಿದ್ದ. ಊರಿನವರಿಗೆ ಅವನು ಅನಾಥರ ತಂದೆ. 1991ರಲ್ಲಿ ಪೊಲೀಸರು ಹಿಡಿದಾಗ ಅವನ ಬಳಿ ಸಿಕ್ಕ ಮಕ್ಕಳ ಅಶ್ಲೀಲ ಫೋಟೊ, ನೆಗೆಟಿವ್‌ಗಳು ಎರಡು ಸಾವಿರಕ್ಕೂ ಮಿಕ್ಕಿದ್ದವು. ಆ ಮಕ್ಕಳನ್ನು ಅವನು ಯುರೋಪು ಮತ್ತಿತರ ಕಡೆಗಳಿಂದ ಬಂದ ಗಂಡಸರಿಗೆ ಒದಗಿಸುತ್ತಿದ್ದ. 1996ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು, ಜೈಲಿನಲ್ಲೇ ಸತ್ತ. ಗಿರಾಕಿಗಳ ಪೈಕಿ ಕೆಲವರನ್ನು ಹೊರದೇಶಗಳಿಂದ ತರಿಸಿ ವಿಚಾರಣೆಗೆ ನಿಲ್ಲಿಸಲಾಯಿತು. ಒಬ್ಬ ಬ್ರಿಟಿಷ್ ಆರೋಪಿಯನ್ನು ಮಾತ್ರ, ಆರೋಗ್ಯ ಸರಿಯಿಲ್ಲವೆಂಬ ಕಾರಣಕ್ಕೆ, ಲಂಡನ್ನಿನ ನ್ಯಾಯಾಲಯ 2014ರಲ್ಲಿ ಕಳಿಸಿಕೊಡಲು ಒಪ್ಪಲಿಲ್ಲ.

ಮುಂಬಯಿಯ ಆಂಕರೇಜ್ ಆಶ್ರಯಧಾಮಗಳ ಕತೆಯೂ ಹೀಗೆಯೇ ಎಳೆದಾಡಿತು. ಡಂಕನ್ ಗ್ರಾಂಟ್, ಅಲನ್ ವಾಟರ್ಸ್ ಎಂಬ ಇಬ್ಬರು ಬ್ರಿಟಿಷರು ಬೀದಿ ಹುಡುಗರ ಮೇಲೆ ಎಸಗಿದ ದೌರ್ಜನ್ಯಕ್ಕೆ 2006ರಲ್ಲಿ ಶಿಕ್ಷೆಯಾಯಿತು. 2008ರಲ್ಲಿ ಹೈಕೋರ್ಟ್ ಬಿಡುಗಡೆ ಮಾಡಿತು. 2011ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ಮತ್ತೆ ಎತ್ತಿಹಿಡಿಯಿತು. ಅಷ್ಟೂ ವರ್ಷ ಆ ಹುಡುಗರು ತಮಗಾದದ್ದನ್ನು ಹೊತ್ತುಕೊಂಡೇ ಬೆಳೆದರು.

ನಿಮ್ಮ ದೇಶದ ಗಂಡಸು ನಮ್ಮ ಮಗುವನ್ನು ಕೆಡಿಸಿದರೆ ನೀವೂ ಹೊಣೆ ಹೊರಬೇಕು ಎಂದು ನಾವು ಆಗ ಕೇಳಿದೆವು. ನ್ಯಾಯವಾದ ಮಾತು ಅದು. ಹಲವು ದೇಶಗಳು ಒಪ್ಪಿ ಕಾನೂನು ಮಾಡಿದವು. ಆಸ್ಟ್ರೇಲಿಯಾ 1994ರಲ್ಲೇ ಮಾಡಿತ್ತು. ಅಮೆರಿಕ 2003ರಲ್ಲಿ ತನ್ನ ಕಾನೂನನ್ನು ಬಿಗಿ ಮಾಡಿ, ಕಾಂಬೋಡಿಯಾದಲ್ಲಿ ಇಬ್ಬರು ಹುಡುಗರನ್ನು ದುರ್ಬಳಕೆ ಮಾಡಿಕೊಂಡಿದ್ದ ಸಿಯಾಟಲ್‌ನ ಮೈಕೆಲ್ ಕ್ಲಾರ್ಕ್ ಎಂಬ ವೃದ್ಧನನ್ನು ಸಿಯಾಟಲ್‌ನಲ್ಲೇ ಜೈಲಿಗೆ ಕಳಿಸಿತು. ಮಕ್ಕಳ ಮೇಲೆ ದೌರ್ಜನ್ಯ ಎಸಗಿದವರ ಪಾಸ್‌ಪೋರ್ಟನ್ನೇ ಆಸ್ಟ್ರೇಲಿಯಾ 2017ರಿಂದ ತಡೆಯುತ್ತಿದೆ.

ಈಗ ಪ್ರಯಾಣಿಕರು ನಾವು. ಅದೇ ಪ್ರಶ್ನೆಗೆ ನಮ್ಮ ಉತ್ತರವೇನು?

ಕಾನೂನೇ ಇಲ್ಲ ಎಂದು ಕೈಚೆಲ್ಲುವ ಹಾಗಿಲ್ಲ. ಭಾರತದ ಪ್ರಜೆ ಲೋಕದ ಯಾವ ಮೂಲೆಯಲ್ಲಿ ಅಪರಾಧ ಮಾಡಿದರೂ ನಮ್ಮ ದಂಡಸಂಹಿತೆ ಅವನಿಗೆ ಅನ್ವಯಿಸುತ್ತದೆ. ಬ್ರಿಟಿಷರ ಕಾಲದ ಐಪಿಸಿಯಲ್ಲೂ ಇದು ಇತ್ತು, ಈಗಿನ ಭಾರತೀಯ ನ್ಯಾಯ ಸಂಹಿತೆಯ ಮೊದಲ ಕಲಂನಲ್ಲೇ ಇದೆ. ಅಂದರೆ ಥಾಯ್ಲೆಂಡಿನ ಪಟಾಯಾದಲ್ಲಿ ಹದಿನೈದರ ಹುಡುಗಿಯನ್ನು ಕೆಡಿಸಿ ಬಂದವನ ಮೇಲೆ ವಿಜಯನಗರ ಠಾಣೆಯಲ್ಲಿ ಎಫ್‌ಐಆರ್ ಹಾಕಬಹುದು, ತನಿಖೆ ಮಾಡಬಹುದು. ಥಾಯ್ಲೆಂಡ್ ಜತೆ ನಮಗೆ ಕಾನೂನು ನೆರವಿನ ಒಪ್ಪಂದವಿದೆ, 2013ರಲ್ಲಿ ಸಹಿಯಾದ ಹಸ್ತಾಂತರ ಒಪ್ಪಂದವೂ ಇದೆ. ಅಲ್ಲಿನ ಕಾನೂನು ಕೂಡ ಹದಿನೆಂಟಕ್ಕಿಂತ ಕಡಿಮೆ ವಯಸ್ಸಿನವರ ಬಳಿ ಹೋಗುವ ಗಿರಾಕಿಗೆ ಜೈಲು ಎನ್ನುತ್ತದೆ.

ಆದರೆ ಎರಡು ಕಡೆ ತೂತಿದೆ. ವಿಚಾರಣೆಯ ವಿಧಾನ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 208ನೇ ಕಲಂ ಪ್ರಕಾರ, ಇಂಥ ಪ್ರಕರಣ ವಿಚಾರಣೆಗೆ ಬರಬೇಕಾದರೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು. ತನಿಖೆಗೆ ಅದು ಬೇಕಿಲ್ಲವೆಂದು ಹಳೆಯ ಸಂಹಿತೆಯ ಕಾಲದಲ್ಲೇ, 2011ರಲ್ಲಿ, ಸುಪ್ರೀಂ ಕೋರ್ಟ್ ಹೇಳಿತ್ತು. ಆದರೂ ದೆಹಲಿಯಿಂದ ಕಾಗದ ಬರಬೇಕಾದ ಕೇಸನ್ನು ಯಾವ ಇನ್‌ಸ್ಪೆಕ್ಟರು ಖುಷಿಯಿಂದ ಕೈಗೆತ್ತಿಕೊಳ್ಳುತ್ತಾನೆ? ಎರಡನೆಯದು ಇನ್ನೂ ಗಂಭೀರ. ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಾನ ರಕ್ಷಣೆ ಕೊಡುವುದು 2012ರ ಪೋಕ್ಸೊ ಕಾಯ್ದೆ. ಅದರ ವ್ಯಾಪ್ತಿ ‘ಭಾರತದಾದ್ಯಂತ’ ಎಂದಷ್ಟೇ ಬರೆದಿದೆ. ನ್ಯಾಯ ಸಂಹಿತೆ ಹೊರದೇಶಕ್ಕೂ ಚಾಚುತ್ತದೆ, ಆದರೆ ಅದರ ಅತ್ಯಾಚಾರದ ಕಲಂ ಗಂಡುಹುಡುಗನನ್ನು ಕಾಣುವುದಿಲ್ಲ. ಕಳ್ಳಸಾಗಣೆಗೆ ಒಳಗಾದ ಮಗು ಎಂದು ಸಾಬೀತಾದರೆ ಬೇರೆ ಕಲಂ ಸಿಗುತ್ತದೆ. ಬೀಚಿನಲ್ಲಿ ತಾನಾಗಿ ಅಲೆಯುವ ಹಸಿದ ಹುಡುಗನಿಗೆ ಅದೂ ಇಲ್ಲ. ಗೋವಾದಲ್ಲಿ, ಮುಂಬಯಿಯಲ್ಲಿ ಬಲಿಯಾದವರು ಹುಡುಗರೇ ಎಂಬುದನ್ನು ನೆನೆದರೆ ಈ ಲೋಪವನ್ನು ಸಣ್ಣದೆನ್ನಲು ಬಾಯಿ ಬರುವುದಿಲ್ಲ. ಪೋಕ್ಸೊಗೆ ಒಂದು ಸಾಲಿನ ತಿದ್ದುಪಡಿ ಸಾಕು, ‘ಹೊರದೇಶದಲ್ಲಿ ಭಾರತೀಯ ಪ್ರಜೆ ಎಸಗಿದ ಕೃತ್ಯಕ್ಕೂ’ ಎಂದು.

ಗೋವಾ ತನ್ನ ನೋವಿನಿಂದ ಕಲಿತು 2003ರಲ್ಲಿ ಮಕ್ಕಳ ಕಾಯ್ದೆ ತಂದಿತು. ಮನೆಯವರ ಜತೆ ನೋಂದಣಿಯಾಗದ ಮಗುವನ್ನು ಹೋಟೆಲ್ ಕೋಣೆಗೆ ಬಿಡಬಾರದು ಎಂದು ಹೋಟೆಲಿನವರನ್ನೇ ಹೊಣೆ ಮಾಡಿತು. ಹಾಗೆಯೇ ನಮ್ಮ ಟ್ರಾವೆಲ್ ಏಜೆಂಟರನ್ನೂ, ಡೀಲರುಗಳನ್ನು ಕಳಿಸುವ ಕಂಪನಿಗಳನ್ನೂ ಹೊಣೆ ಮಾಡಬಹುದು. ಟಿಕೆಟಿನ ಜತೆ ಒಂದು ಹಾಳೆ ಕನ್ನಡದಲ್ಲಿ ಕೊಟ್ಟರೆ ಯಾರ ಗಂಟೂ ಹೋಗುವುದಿಲ್ಲ: ಅಲ್ಲಿ ಮಕ್ಕಳನ್ನು ಮುಟ್ಟಿದರೆ ಇಲ್ಲೂ ಜೈಲು.

ಟೀ ಅಂಗಡಿ ಮುಂದಿನ ಆ ಮೊಬೈಲಿನ ವಿಷಯಕ್ಕೆ ಬಂದರೆ ಯಾರ ಅನುಮತಿಗೂ ಕಾಯಬೇಕಿಲ್ಲ. ಮಕ್ಕಳ ಲೈಂಗಿಕ ದೃಶ್ಯವನ್ನು ನೋಡುವುದು, ಇಟ್ಟುಕೊಳ್ಳುವುದು ಅಪರಾಧವೆಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಚಿತ್ರ ಎಲ್ಲೇ ತೆಗೆದದ್ದಿರಲಿ, ಫೋನು ಬಸವೇಶ್ವರನಗರದಲ್ಲಿ ಇದ್ದರೆ ಅಪರಾಧವೂ ಬಸವೇಶ್ವರನಗರದ್ದೇ. ವಿಷಯ ಗೊತ್ತಿದ್ದೂ ಪೊಲೀಸರಿಗೆ ತಿಳಿಸದವನಿಗೆ ಪೋಕ್ಸೊ ಆರು ತಿಂಗಳವರೆಗೆ ಸಜೆ ಇಟ್ಟಿದೆ, ಬಗ್ಗಿ ನೋಡಿ ನಕ್ಕವರು ಇದನ್ನು ನೆನಪಿಡಬೇಕು.

ಬೆಂಗಳೂರಿನ ಸಂಸದರಲ್ಲಿ ನನ್ನ ಕೋರಿಕೆ ಇಷ್ಟು: ಮಕ್ಕಳ ಮೇಲೆ ಹೊರದೇಶದಲ್ಲಿ ಎಸಗಿದ ಅಪರಾಧಗಳಿಗೆ ಕೇಂದ್ರ ಈವರೆಗೆ ಎಷ್ಟು ಅನುಮತಿ ಕೊಟ್ಟಿದೆ ಎಂದು ಮುಂದಿನ ಅಧಿವೇಶನದಲ್ಲಿ ಕೇಳಿ, ಪೋಕ್ಸೊ ತಿದ್ದುಪಡಿಗೆ ಒತ್ತಾಯಿಸಿ. ಓದುಗರಲ್ಲೂ ಒಂದು ಕೋರಿಕೆ. ಯಾರಾದರೂ ಅಂಥ ಫೋಟೊ ತೋರಿಸಲು ಬಂದರೆ ನಗಬೇಡಿ, ಮಕ್ಕಳ ಸಹಾಯವಾಣಿ 1098 ಅಥವಾ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ. ಅವನು ನಿಮ್ಮ ಗೆಳೆಯನಾಗಿದ್ದರೂ ಸರಿ.