ಹಸುವಿನ ನಾಲಿಗೆಯಿಂದ ಬಂದ ಲಸಿಕೆ

ಕಾಲುಬಾಯಿ ಜ್ವರ ಹೊಕ್ಕ ಕೊಟ್ಟಿಗೆಯನ್ನು ಕಂಡವರಿಗೆ ಅದರ ಲಕ್ಷಣ ಹೇಳಬೇಕಾಗಿಲ್ಲ. ಎಳೆಎಳೆಯಾಗಿ ಇಳಿಯುವ ಜೊಲ್ಲು, ಹಸಿಮೇವು ಮುಂದಿದ್ದರೂ ಬಾಯಿ ಹಾಕಲಾರದ ಹಸು, ಗೊರಸಿನ ಸಂದಿಯ ಹುಣ್ಣಿಗೆ ಕಾಲನ್ನು ಎತ್ತಿ ಎತ್ತಿ ಇಡುವ ಸಂಕಟ. ಈ ರೋಗ ನಾಲಿಗೆ, ಗೊರಸಿನ ಸಂದು, ಕೆಚ್ಚಲಿನ ತೊಟ್ಟು, ಇವನ್ನೇ ಹುಡುಕಿಕೊಂಡು ಬರುವುದೇಕೆ? ಮೂರೂ ಸದಾ ಉಜ್ಜಾಟಕ್ಕೆ ಸಿಕ್ಕುವ, ಸವೆದಷ್ಟೂ ಹೊಸದಾಗಿ ಬೆಳೆಯುವ ಚರ್ಮದ ಜಾಗಗಳು. ವೈರಸ್ಸು ಅಂಟಿಕೊಳ್ಳುವ ಇಂಟೆಗ್ರಿನ್ ಎಂಬ ಪ್ರೋಟೀನು ಅಲ್ಲಿನ ಜೀವಕೋಶಗಳ ಮೈಮೇಲಿರುತ್ತದೆ. ರೋಗದ ಗುಳ್ಳೆಗಳು ಏಳುವುದು ಹೆಚ್ಚಾಗಿ ಅಂಗಾಂಶ ಚುರುಕಾಗಿ ಬೆಳೆಯುವ ಇಂಥ ಕಡೆಗಳಲ್ಲಿ. ಇದನ್ನು ಅರಿತು, ಆ ಬೆಳವಣಿಗೆಯನ್ನೇ ಗಾಜಿನ ಪಾತ್ರೆಗೆ ತಂದಾಗ ಲಸಿಕೆಯ ದಾರಿ ತೆರೆಯಿತು.

1898ರಲ್ಲಿ ಜರ್ಮನಿಯ ಫ್ರೀಡ್ರಿಕ್ ಲೋಫ್ಲರ್ ಮತ್ತು ಪಾಲ್ ಫ್ರಾಶ್ ರೋಗಪೀಡಿತ ಜಾನುವಾರಿನ ಗುಳ್ಳೆಯ ನೀರನ್ನು ಬ್ಯಾಕ್ಟೀರಿಯಾ ದಾಟಲಾರದ ಸೋಸುಕದಲ್ಲಿ ಸೋಸಿದರು. ಸೋಸಿದ ನೀರೂ ರೋಗ ತಂದಿತು. ಒಂದು ಕರುವಿನಿಂದ ಇನ್ನೊಂದಕ್ಕೆ ದಾಟಿಸಿದಾಗಲೂ ಅದರ ಶಕ್ತಿ ಕುಂದಲಿಲ್ಲ. ಅದು ಬರಿಯ ವಿಷವಾಗಿದ್ದರೆ ತೆಳುವಾಗುತ್ತಾ ಹೋಗಬೇಕಿತ್ತು. ಹಾಗಾಗದ್ದರಿಂದ ಒಳಗೆ ಏನೋ ಹೆಚ್ಚುತ್ತಿದೆ ಎಂದಾಯಿತು. ಪ್ರಾಣಿಗಳಿಗೆ ರೋಗ ತರುವ ವೈರಸ್ಸೊಂದು ಮೊದಲು ಪತ್ತೆಯಾದದ್ದು ಹೀಗೆ. ಆದರೆ ಅದನ್ನು ಬೆಳೆಸುವುದು ಹೇಗೆಂದು ಬಹುಕಾಲ ತಿಳಿಯಲಿಲ್ಲ, ಏಕೆಂದರೆ ಜೀವಂತ ಕೋಶವಿಲ್ಲದೆ ಅದು ಬೆಳೆಯದು. 1930ರ ದಶಕದ ಕೊನೆಗೆ ಜರ್ಮನರು ಮಾಡಿದ ಲಸಿಕೆಗೆ ದನಗಳ ನಾಲಿಗೆಗೇ ರೋಗ ಚುಚ್ಚಿ, ಅಲ್ಲೆದ್ದ ಗುಳ್ಳೆಗಳಿಂದ ವೈರಸ್ ಸಂಗ್ರಹಿಸಬೇಕಾಗಿತ್ತು. ಹಲವು ದನಗಳನ್ನು ಉಳಿಸಲು ಕೆಲವನ್ನು ನರಳಿಸುವ ಪದ್ಧತಿ ಅದು.

ನೆದರ್ಲೆಂಡ್ಸಿನ ವಿಜ್ಞಾನಿ ಫ್ರೆಂಕೆಲ್ ಮಾಡಿದ ಕೆಲಸ ನನಗೆ ದೊಡ್ಡದಾಗಿ ಕಾಣುವುದು ಈ ಹಿನ್ನೆಲೆಯಲ್ಲಿ. ಕಸಾಯಿಖಾನೆಯಲ್ಲಿ ಆಗಷ್ಟೇ ಕಡಿದ ಆರೋಗ್ಯವಂತ ದನಗಳ ನಾಲಿಗೆಯಿಂದ ಅವರು ಮೇಲ್ಪದರವನ್ನು ಸುಲಿದು ತಂದರು. ಪೋಷಕ ದ್ರಾವಣದಲ್ಲಿ ಬೆಚ್ಚಗಿಟ್ಟು, ಗಾಳಿ ಊದಿ, ಆ ತುಣುಕುಗಳ ಜೀವ ಹಿಡಿದಿಟ್ಟರು. ದನ ಸತ್ತಿದ್ದರೂ ನಾಲಿಗೆಯ ಕೋಶಗಳು ಸತ್ತಿರಲಿಲ್ಲ. ವೈರಸ್ ಹಾಕಿದರೆ ಹೆಚ್ಚುಕಡಿಮೆ ಒಂದು ದಿನದೊಳಗೆ ಅದು ತುಂಬಿಕೊಳ್ಳುತ್ತಿತ್ತು. ಯಾವ ಪ್ರಾಣಿಗೂ ರೋಗ ಬರಿಸುವ ಅಗತ್ಯ ಉಳಿಯಲಿಲ್ಲ. 1947ರಲ್ಲಿ ಅವರು ಈ ವಿಧಾನವನ್ನು ಪ್ರಕಟಿಸಿದರು. 1950ರ ದಶಕದಲ್ಲಿ ಡಚ್ಚರು ತಮ್ಮ ದನಗಳಿಗೆಲ್ಲ ಲಸಿಕೆ ಹಾಕಲು ಹೊರಟದ್ದು ಈ ನಾಲಿಗೆಗಳ ಬಲದಿಂದ.

ಮುಂದಿನ ಹೆಜ್ಜೆ ಬಂದದ್ದು ಯಾರೂ ಎದುರು ನೋಡದ ಕಡೆಯಿಂದ. 1961ರಲ್ಲಿ ಗ್ಲಾಸ್ಗೋದಲ್ಲಿ ಮ್ಯಾಕ್‌ಫರ್ಸನ್ ಮತ್ತು ಸ್ಟೋಕರ್ ಎಂಬ ಇಬ್ಬರು ಸಂಶೋಧಕರು ಒಂದು ದಿನದ ಹ್ಯಾಮ್‌ಸ್ಟರ್ ಮರಿಗಳ ಮೂತ್ರಪಿಂಡದಿಂದ ಕೋಶಗಳನ್ನು ತೆಗೆದು ಬೆಳೆಸಿದರು. ಅವರಿಗೆ ದನಗಳ ಯೋಚನೆಯೇ ಇರಲಿಲ್ಲ. ವೈರಸ್ಸೊಂದು ಆರೋಗ್ಯವಂತ ಕೋಶವನ್ನು ಕ್ಯಾನ್ಸರಿನ ಹಾದಿಗೆ ಹೇಗೆ ತಿರುಗಿಸುತ್ತದೆ ಎಂಬುದು ಅವರ ಪ್ರಶ್ನೆ. ಬಿಎಚ್‌ಕೆ-21 ಎಂದು ಹೆಸರಾದ ಆ ಕೋಶಗಳು ಪೀಳಿಗೆಯಿಂದ ಪೀಳಿಗೆಗೆ ನಿಲ್ಲದೆ ಬೆಳೆದವು. ಮರುವರ್ಷವೇ ಇಂಗ್ಲೆಂಡಿನ ಪಿರ್‌ಬ್ರೈಟ್‌ನ ಪ್ರಾಣಿರೋಗ ಸಂಶೋಧನಾ ಸಂಸ್ಥೆಯವರು ಇವನ್ನು ದ್ರವದಲ್ಲಿ ತೇಲಿಬಿಟ್ಟೇ ಬೆಳೆಸಬಹುದು, ಕಾಲುಬಾಯಿ ವೈರಸ್ ಇವುಗಳಲ್ಲಿ ಹುಲುಸಾಗಿ ಬರುತ್ತದೆ ಎಂದು ತೋರಿಸಿದರು. ಕಸಾಯಿಖಾನೆಯ ನಾಲಿಗೆಗಳಿಗಾಗಿ ಕಾಯುವುದು ತಪ್ಪಿತು. ಇಂದು ನಮ್ಮ ದನಗಳಿಗೆ ಹಾಕುವ ಲಸಿಕೆಯ ವೈರಸ್ ದೊಡ್ಡ ಉಕ್ಕಿನ ತೊಟ್ಟಿಗಳಲ್ಲಿ, ಅದೇ ಕೋಶಗಳ ಸಂತತಿಯಲ್ಲಿ ಬೆಳೆದು ಬರುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿರುವ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ ಆವರಣಕ್ಕೂ ಈ ಲಸಿಕೆಯ ಕೆಲಸದಲ್ಲಿ ಹಳೆಯ ನಂಟಿದೆ. ಫಲಾಪೇಕ್ಷೆಯಿಲ್ಲದ ಮೂಲ ಸಂಶೋಧನೆಗೆ ದುಡ್ಡೇಕೆ ಎಂದು ಕೇಳುವವರಿಗೆ ನಾನು ಈ ಹ್ಯಾಮ್‌ಸ್ಟರ್ ಕೋಶಗಳ ಕಥೆಯನ್ನೇ ಹೇಳುತ್ತೇನೆ.

ದಾರಿ ನೇರವಾಗಿತ್ತು ಎಂದಲ್ಲ. ಲಸಿಕೆಗೆ ಸೇರಿಸುವ ಮುನ್ನ ವೈರಸ್ಸನ್ನು ಕೊಲ್ಲಲು ಬಳಸುತ್ತಿದ್ದ ಫಾರ್ಮಲಿನ್ ಕೆಲವೊಮ್ಮೆ ಪೂರ್ತಿ ಕೊಲ್ಲುತ್ತಿರಲಿಲ್ಲ; ಯುರೋಪಿನಲ್ಲಿ ಲಸಿಕೆಯಿಂದಲೇ ರೋಗ ಹರಡಿದ ಪ್ರಸಂಗಗಳಿವೆ. ಈಗ ಬಳಸುವ ರಾಸಾಯನಿಕ ಹೆಚ್ಚು ನಂಬಿಗಸ್ತ. ವೈರಸ್ಸಿನಲ್ಲಿ ಏಳು ಬಗೆ. ಒಂದಕ್ಕೆ ಹಾಕಿದ ಲಸಿಕೆ ಇನ್ನೊಂದನ್ನು ತಡೆಯದು. ನಮ್ಮಲ್ಲಿ ಓ, ಎ ಮತ್ತು ಏಷ್ಯಾ-1 ಎಂಬ ಮೂರಕ್ಕೆ ಸೇರಿಸಿ ಕೊಡುತ್ತಾರೆ.

ರೋಗ ತಗುಲಿದ ಕರುಗಳ ವಿಷಯ ಬೇರೆ, ಮತ್ತು ಹೆಚ್ಚು ದಾರುಣ. ಬಾಯಲ್ಲಿ ಒಂದು ಗುಳ್ಳೆಯೂ ಏಳದೆ ಎಳಗರು ದಿಢೀರನೆ ಬಿದ್ದು ಸಾಯಬಹುದು. ಕೊಯ್ದು ನೋಡಿದ ಪಶುವೈದ್ಯರಿಗೆ ಹೃದಯದ ಮಾಂಸದ ಮೇಲೆ ಬಿಳಿಚಿದ ಪಟ್ಟೆಗಳು ಕಾಣುತ್ತವೆ. ಅವರು ಇದನ್ನು ಟೈಗರ್ ಹಾರ್ಟ್ ಎನ್ನುತ್ತಾರೆ. ಸೂಕ್ಷ್ಮದರ್ಶಕದಡಿ ಆ ಪಟ್ಟೆಗಳೆಲ್ಲ ಸತ್ತ ಸ್ನಾಯು. ದೊಡ್ಡ ಹಸು ಬದುಕಿ ಉಳಿದರೂ ಹಾಲು ಮೊದಲಿನಂತಾಗದಿರಬಹುದು, ಬಿಸಿಲಿಗೆ ಏದುಸಿರು ಬಿಡುತ್ತಾ ನಿಲ್ಲಬಹುದು. ಗುಣವಾದ ದನದ ಗಂಟಲಿನ ಅಂಗಾಂಶದಲ್ಲಿ ವೈರಸ್ ತಿಂಗಳುಗಟ್ಟಲೆ ಅಡಗಿರಬಹುದೆಂಬುದು 1959ರಿಂದಲೇ ಗೊತ್ತು.

2013ರಲ್ಲಿ ದಕ್ಷಿಣ ಕರ್ನಾಟಕದ ಜಿಲ್ಲೆಗಳಲ್ಲಿ ಸಾವಿರಾರು ದನಗಳು ಈ ರೋಗಕ್ಕೆ ಬಲಿಯಾದವು. ಡೇರಿಯ ಹಾಲಿನ ದುಡ್ಡಿನಲ್ಲೇ ಸಂಸಾರ ತೂಗಿಸುತ್ತಿದ್ದ ಮನೆಗಳಿಗೆ ಬಿದ್ದ ಪೆಟ್ಟು ಅದು. 2019ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮ ಆರು ತಿಂಗಳಿಗೊಮ್ಮೆ ಉಚಿತ ಲಸಿಕೆ ಹಾಕಿಸಿ, 2030ರೊಳಗೆ ರೋಗವನ್ನು ಅಳಿಸುವ ಗುರಿ ಇಟ್ಟುಕೊಂಡಿದೆ. ಇದರಲ್ಲಿ ದುರ್ಬಲ ಕೊಂಡಿ ಪ್ರಯೋಗಾಲಯವಲ್ಲ, ಅಲ್ಲಿಂದ ಕೊಟ್ಟಿಗೆಯವರೆಗಿನ ದಾರಿ. ಸತ್ತ ವೈರಸ್ಸಿನ ಕವಚ ಇಡಿಯಾಗಿದ್ದರಷ್ಟೇ ದನದ ದೇಹ ಅದನ್ನು ಚೆನ್ನಾಗಿ ಗುರುತಿಸಿ ಪ್ರತಿರೋಧ ಬೆಳೆಸಿಕೊಳ್ಳುತ್ತದೆ. ಬಿಸಿ ತಾಗಿದರೆ ಕವಚ ಕೈಜಾರಿದ ಮಡಕೆಯ ಹಾಗೆ ಹೋಳಾಗುತ್ತದೆ. ಬಾಟಲಿಯಲ್ಲಿ ಔಷಧ ಇರುತ್ತದೆ, ಗುಣ ಇರುವುದಿಲ್ಲ. 2ರಿಂದ 8 ಡಿಗ್ರಿಯ ತಂಪನ್ನು ಹಳ್ಳಿಯ ಕೊನೆಯ ಮನೆಯವರೆಗೂ ಉಳಿಸಬೇಕು.

ಲಸಿಕೆ ಹಾಕಿಸಿದರೆ ಹಾಲು ಇಳಿಯುತ್ತದೆ ಎಂದು ದನವನ್ನು ಹಿತ್ತಲಿಗೆ ಅಟ್ಟುವವರು ಇನ್ನೂ ಇದ್ದಾರೆ. ಇಳಿದರೂ ಅದು ಕೆಲವೇ ದಿನಗಳ ಮಾತು. ರೋಗ ಬಂದರೆ ಆ ಕರಾವೇ ಕೈತಪ್ಪಬಹುದು. ತುಂಬು ಗಬ್ಬದ ಹಸುವಿದ್ದರೆ ಪಶುವೈದ್ಯರನ್ನು ಕೇಳಿ. ನಾಲ್ಕು ತಿಂಗಳು ದಾಟಿದ ಕರುವಿಗೆ ಮೊದಲ ಚುಚ್ಚುಮದ್ದು, ತಿಂಗಳ ನಂತರ ಇನ್ನೊಂದು, ಆಮೇಲೆ ಆರು ತಿಂಗಳಿಗೊಮ್ಮೆ ತಪ್ಪದೆ ಹಾಕಿಸಿ. ಪಕ್ಕದ ಮನೆಯವರಿಗೂ ಹೇಳಿ, ಏಕೆಂದರೆ ಊರಿನ ನಾಲ್ಕು ದನ ಬಿಟ್ಟುಹೋದರೂ ವೈರಸ್ಸಿಗೆ ಅಷ್ಟು ಸಾಕು.