ಗಾಜಿಗೂ ರಾಳಕ್ಕೂ ಗಂಟು ಹಾಕುವ ಸಿಲೇನ್

ಕಾರವಾರದ ಬೈತಖೋಲದಲ್ಲೋ ಅಂಕೋಲೆಯ ಬೇಲೇಕೇರಿಯಲ್ಲೋ ದಡಕ್ಕೆಳೆದ ಫೈಬರ್ ದೋಣಿಯೊಂದನ್ನು ತಟ್ಟಿ ನೋಡಿ. ನೋಡಲು ಪ್ಲಾಸ್ಟಿಕ್, ಒಳಗಿರುವುದು ಗಾಜು. ಕೂದಲಿಗಿಂತ ತೆಳುವಾದ ಗಾಜಿನ ಎಳೆಗಳ ಮ್ಯಾಟಿಗೆ ಪಾಲಿಯೆಸ್ಟರ್ ರಾಳ ಕುಡಿಸಿ, ಪದರದ ಮೇಲೆ ಪದರ ಕೂರಿಸಿದ ದೋಣಿ ಅದು. ಬಲ ಗಾಜಿನದು, ಅದನ್ನು ಹಿಡಿದಿಡುವ ಕೆಲಸ ರಾಳದ್ದು.

ಆದರೆ ಇವೆರಡಕ್ಕೂ ಸಹಜವಾಗಿ ಹೊಂದಿಕೆಯಿಲ್ಲ. ಗಾಜಿನ ಮೈಮೇಲೆಲ್ಲ ಹೈಡ್ರಾಕ್ಸಿಲ್ ಗುಂಪುಗಳಿವೆ. ಅವು ತೇವಾಂಶ ಸಿಕ್ಕಿದರೆ ಬಿಡುವುದಿಲ್ಲ. ಬರಿಯ ಗಾಜಿಗೆ ರಾಳ ಬಳಿದರೆ ಒಣಗಿದ್ದಾಗ ಗಟ್ಟಿಯಾಗಿಯೇ ಕಾಣುತ್ತದೆ. ಕಡಲಿಗಿಳಿದ ಮೇಲೆ ನೀರು ರಾಳದೊಳಗೆ ನಿಧಾನವಾಗಿ ಜಿನುಗಿ, ಎಳೆಯ ಮೈ ಸೇರಿ, ರಾಳವನ್ನು ಬಿಡಿಸಿಹಾಕುತ್ತದೆ. 1940ರ ದಶಕದಲ್ಲಿ ಎಂಜಿನಿಯರರನ್ನು ಕಾಡಿದ್ದೂ ಇದೇ.

ಪರಿಹಾರವಾಗಿ ಬಂದದ್ದು ಸಿಲೇನ್. ಈ ಅಣುವಿನ ನಡುವೆ ಒಂದು ಸಿಲಿಕಾನ್ ಪರಮಾಣು. ಅದರ ಒಂದು ಬದಿಗೆ ಮೂರು ಆಲ್ಕಾಕ್ಸಿ ಗುಂಪುಗಳು. ಇನ್ನೊಂದು ಬದಿಗೆ ಇಂಗಾಲದ ಸರಪಳಿ, ಅದರ ತುದಿಯಲ್ಲಿ ಜೋಡಿಬಂಧ. ನೀರು ಸೋಕಿದಾಗ ಆಲ್ಕಾಕ್ಸಿ ಗುಂಪುಗಳು ಆಲ್ಕೊಹಾಲ್ ಆಗಿ ಕಳಚಿಕೊಳ್ಳುತ್ತವೆ, ಆ ಜಾಗದಲ್ಲಿ ಹೈಡ್ರಾಕ್ಸಿಲ್ ಬಂದು ಕೂರುತ್ತದೆ. ಒಣಗಿಸಿದರೆ ಇದೂ ಗಾಜಿನ ಹೈಡ್ರಾಕ್ಸಿಲ್ಲೂ ನೀರನ್ನು ಹೊರಬಿಟ್ಟು ಒಂದಾಗುತ್ತವೆ: ಸಿಲಿಕಾನ್, ಆಮ್ಲಜನಕ, ಮತ್ತೆ ಸಿಲಿಕಾನ್. ಅತ್ತ ಜೋಡಿಬಂಧವು ರಾಳ ಗಟ್ಟಿಯಾಗುವಾಗ ಅದರದೇ ಸರಪಳಿಯ ಕೊಂಡಿಯಾಗುತ್ತದೆ. ಎಪಾಕ್ಸಿ ರಾಳವಾದರೆ ಬೇರೆ ತುದಿ ಬೇಕು, ಅಲ್ಲಿಗೆ ಅಮೈನ್ ಗುಂಪು ಹೊಂದುತ್ತದೆ.

ತಮಾಷೆ ನೋಡಿ, ನೀರನ್ನು ತಡೆಯಬೇಕಾದ ಬಂಧ ಹುಟ್ಟುವುದೇ ನೀರಿನಿಂದ! ಅದನ್ನು ಬಿಡಿಸಲೂ ನೀರು ಬಲ್ಲದು. ಆದರೆ ಬಿಟ್ಟ ಬಂಧ ಅಲ್ಲೇ ಮತ್ತೆ ಕೂಡಿಕೊಳ್ಳುತ್ತದೆ ಎಂಬುದು ಈ ವಿಷಯದಲ್ಲಿ 1982ರಲ್ಲಿ ಗ್ರಂಥ ಬರೆದ ಅಮೆರಿಕದ ರಸಾಯನತಜ್ಞ ಎಡ್ವಿನ್ ಪ್ಲೂಡೆಮನ್ ಅವರ ವಾದ.

ದೋಣಿ ಕಟ್ಟುವವರು ಸಿಲೇನನ್ನು ಕಣ್ಣಿನಿಂದ ಕಾಣುವುದೇ ಇಲ್ಲ. ಕಾರ್ಖಾನೆಯಲ್ಲಿ ಗಾಜಿನ ಎಳೆ ತೆಗೆಯುವಾಗಲೇ ಅದರ ಲೇಪ ಮುಗಿದಿರುತ್ತದೆ. ಹಾಗೆಂದು ಅದರ ಮೇಲೆಯೇ ಭಾರ ಹಾಕಿ ಕೂರುವಂತಿಲ್ಲ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಕಡಲು ಕೆರಳಿದಾಗ ಸಣ್ಣ ದೋಣಿಗಳೂ ದಡ ಸೇರುತ್ತವೆ. ದುರಸ್ತಿಗೆ ಪುರಸೊತ್ತು ಸಿಗುವುದು ಆಗ, ಮಳೆ ಸುರಿಯುವುದೂ ಆಗಲೇ. ತೇವ ಕುಡಿದ ಮ್ಯಾಟಿಗೆ ರಾಳ ಸರಿಯಾಗಿ ಇಳಿಯದು, ಸರಿಯಾಗಿ ಗಟ್ಟಿಯಾಗದು. ಸಿಲೇನ್ ಇದ್ದೂ ಉಪಯೋಗವಿಲ್ಲ. ಅಂಥ ತೇಪೆ ನಡುಗಡಲಿನಲ್ಲಿ ಎದ್ದುಬಂದರೆ ಪ್ರಾಣಕ್ಕೇ ಸಂಚಕಾರ. ಹಾಗಾಗಿ ಒಡೆದ ಜಾಗವನ್ನು ಚೆನ್ನಾಗಿ ಉಜ್ಜಿ, ಪೂರ್ತಿ ಒಣಗಿಸಿ, ಮ್ಯಾಟನ್ನು ತಾಡಪಾಲಿನ ಅಡಿಯಲ್ಲಲ್ಲ, ಮನೆಯೊಳಗೇ ಬೆಚ್ಚಗಿಟ್ಟು, ಮಳೆ ಬಿಟ್ಟು ಬಿಸಿಲು ಬಿದ್ದ ದಿನವೇ ರಾಳ ಬಳಿಯಬೇಕು.